ಮಾಳಪ್ಪಣ್ಣ ಬರೆಯುತ್ತಿದ್ದ ಅಂಕಿ

ಹೋದ ವಾರ ಹುನಗುಂದದಿಂದ ಬಾಗಲಕೋಟೆಗೆ ಹೊರಟಿದ್ದ ಬಸ್ಸು ಅಮೀನಗಡದಲ್ಲಿ ಹತ್ತು ನಿಮಿಷವೆಂದು ನಿಂತದ್ದು ಅರ್ಧ ತಾಸಾದರೂ ಹೊರಡಲಿಲ್ಲ. ಡ್ರೈವರ್ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಯಾರದೋ ಮದುವೆಯ ಮಾತಾಡುತ್ತ ನಿಂತಿದ್ದ. ನಾನು ಕಿಟಕಿಯ ಪಕ್ಕ ಕೂತು ಗಡಿಯಾರ ನೋಡಿ ನೋಡಿ ಸಿಡುಕುತ್ತಿದ್ದೆ. ಸಿಡುಕು ನನ್ನ ಹುಟ್ಟುಗುಣ, ಮನೆಯವರು ಕೇಳಿದರೂ ಇದನ್ನೇ ಹೇಳುತ್ತಾರೆ. ಅಷ್ಟರಲ್ಲಿ ಎದುರಿನ ಕರದಂಟಿನ ಅಂಗಡಿಯ ಹಿಂದಿನಿಂದ, ತುಪ್ಪದಲ್ಲಿ ಅಂಟು ಅರಳುವ ವಾಸನೆ ಬಂತು. ಆ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಬೆಲ್ಲ, ಉತ್ತತ್ತಿ, ಬಾಣಂತಿಯರು ನೆನಪಾಗುತ್ತಾರೆ. ನನಗೆ ರೇಡಾರು ನೆನಪಾಗುತ್ತದೆ. ಹೇಳಿದರೆ ಜನ ನಗುತ್ತಾರೆ, ನಗಲಿ.

ನಾನು ಈ ರಸ್ತೆಯಲ್ಲಿ ವಾರಕ್ಕೆ ಮೂರು ಸಲ ಓಡಾಡಿದ ಒಂದು ಚಳಿಗಾಲವಿತ್ತು. ಎಂ.ಟೆಕ್ ಮುಗಿಸಿ ಹುನಗುಂದದ ಮನೆಯಲ್ಲಿ ಕೂತಿದ್ದೆ. ಅಬ್ಬಾನದು ಅಲ್ಲೇ ಬಸ್ ನಿಲ್ದಾಣದ ಹತ್ತಿರ ಟಿ.ವಿ. ರಿಪೇರಿ ಅಂಗಡಿ. ಬಾಗಲಕೋಟೆಯ ಕಾಲೇಜೊಂದಕ್ಕೆ ದೂರದ ಒಂದು ಪ್ರಯೋಗಾಲಯದಿಂದ ಕೆಲಸ ಬಂದಿದೆ, ಹುಡುಗರು ಬೇಕಾಗಿದ್ದಾರೆ ಎಂದು ಗೊತ್ತಾಗಿ ಅರ್ಜಿ ಹಾಕಿದೆ. ಹುಡುಗರು ಬೇಕೆಂದವರಿಗೆ ಹುಡುಗಿ ಸಿಕ್ಕಳು. ಕೆಲಸ ಇಷ್ಟೇ: ಮೂರು ಊರಿನಲ್ಲಿ ಮೂರು ಸಣ್ಣ ರೇಡಾರು ನಿಲ್ಲಿಸುತ್ತಾರೆ, ಪೈಲಟ್ ಇಲ್ಲದ ಒಂದು ಪುಟ್ಟ ವಿಮಾನ ಹಾರಿಸುತ್ತಾರೆ, ಮೂರೂ ರೇಡಾರುಗಳು ಕಂಡದ್ದನ್ನು ಕೂಡಿಸಿ ನಾವು ಒಂದೇ ಗೆರೆ ಎಳೆಯಬೇಕು. ಮುಂದೆಂದಾದರೂ ಕ್ಷಿಪಣಿಯ ಬೆನ್ನು ಹತ್ತುವಾಗ ಇದೇ ಲೆಕ್ಕ ಬೇಕಾಗುತ್ತದೆ ಎಂದು ಹೇಳಿದ್ದರು. ಕ್ಷಿಪಣಿಯನ್ನು ಮಾತ್ರ ನಾವ್ಯಾರೂ ಆ ವರ್ಷ ಕಣ್ಣಿಂದ ನೋಡಲಿಲ್ಲ. ಆದರೂ ನಮ್ಮ ಓಣಿಯ ಹೆಂಗಸರು ನನ್ನ ಅಮ್ಮನನ್ನು ಕೇಳಿದ್ದೇ ಕೇಳಿದ್ದು, ಅದು ನಮ್ಮ ಮಾಳಿಗೆಯ ಮೇಲೆ ಬೀಳುವುದಿಲ್ಲ ತಾನೇ ಎಂದು.

ರೇಡಾರುಗಳಲ್ಲಿ ಒಂದು ಬದಾಮಿಯ ಕಡೆ, ಚೊಳಚಗುಡ್ಡದ ಮೇಲಿನ ಕಲ್ಲುಹಾಸಿನಲ್ಲಿತ್ತು. ಇನ್ನೊಂದು ಹುನಗುಂದದ ಹೊರಗೆ. ಮೂರನೆಯದು ಇಳಕಲ್ಲಿನ ಆಚೆ, ಕೆಂಪು ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯ ದಂಡೆಯಲ್ಲಿ. ಬಾಗಲಕೋಟೆಯ ನವನಗರದ ಒಂದು ಬಾಡಿಗೆ ಮನೆಯಲ್ಲಿ ನಾವು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದೆವು. ನಾವು ಎಂದರೆ ನಾನು, ಕಾಲೇಜಿನಿಂದ ಈ ಕೆಲಸ ನೋಡಿಕೊಳ್ಳುತ್ತಿದ್ದ ಹಿರೇಮಠ ಸರ್, ಮತ್ತು ಸರ್ ಕುಡಿಯುವ ಚಹಾ. ಇಳಕಲ್ಲಿನ ಹೆಸರು ಬಂದ ಕೂಡಲೇ ಸೀರೆಯ ಹೋಲಿಕೆ ಕೊಡುವ ಚಟ ಎಲ್ಲರಿಗೂ ಇದೆ, ನೂಲಿಗೆ ನೂಲು ಕೂಡಿಸಿದ ಹಾಗೆ ಎಂದೇನೋ ಹೇಳಿ ಮುಗಿಸಿಬಿಡುತ್ತಾರೆ. ನಾನು ಕೊಡುವುದಿಲ್ಲ. ನಮ್ಮ ಕೆಲಸ ಸೀರೆಯಷ್ಟು ಚೆಂದವಾಗಿರಲಿಲ್ಲ.

ಅದು ಹೇಗಿತ್ತೆಂದರೆ ಸೌತೆಕಾಯಿಯ ಹಾಗಿತ್ತು. ರೇಡಾರು ದೂರವನ್ನು ಚೆನ್ನಾಗಿ ಹೇಳುತ್ತದೆ, ದಿಕ್ಕನ್ನು ಅಷ್ಟು ಚೆನ್ನಾಗಿ ಹೇಳಲಾರದು. ಹಾಗಾಗಿ ವಿಮಾನ ಇಲ್ಲಿದೆ ಎಂದು ಅದು ತೋರಿಸುವ ಜಾಗ ಚುಕ್ಕೆಯಲ್ಲ, ಅಡ್ಡ ಮಲಗಿದ ಸೌತೆಕಾಯಿ. ಅದರೊಳಗೆ ಎಲ್ಲಿಯಾದರೂ ಇರಬಹುದು. ಬದಾಮಿಯಿಂದ ನೋಡಿದರೆ ಸೌತೆಕಾಯಿ ಒಂದು ಕಡೆ ಮಲಗಿರುತ್ತದೆ, ಇಳಕಲ್ಲಿನಿಂದ ನೋಡಿದರೆ ಇನ್ನೊಂದು ಕಡೆ. ಎರಡೂ ಒಂದರ ಮೇಲೊಂದು ಬಿದ್ದಲ್ಲಿ ವಿಮಾನ. ಹುನಗುಂದದ ರೇಡಾರು ಹಳೆಯದು, ಅದರದು ಸೌತೆಕಾಯಿಯಲ್ಲ, ಕುಂಬಳಕಾಯಿ. ಯಾರ ಜೊತೆ ಇಟ್ಟರೂ ಹೊಂದಿಕೊಳ್ಳುತ್ತಿತ್ತು.

ಆದರೆ ಮೂವರ ಮಾತಿಗೂ ಒಂದೇ ತೂಕ ಕೊಡುವ ಹಾಗಿಲ್ಲ. ಅದಕ್ಕೊಂದು ಪದ್ಧತಿ ಇತ್ತು. ದಿನಾ ಬೆಳಿಗ್ಗೆ ಪ್ರತಿ ರೇಡಾರಿನವನೂ ತನ್ನ ಯಂತ್ರವನ್ನು ಪರೀಕ್ಷಿಸಿ, ಇವತ್ತು ನನ್ನದು ಎಷ್ಟು ತಪ್ಪಬಹುದು ಎಂಬ ಅಂಕಿಯನ್ನು ಒಂದು ಖಾನೆಯಲ್ಲಿ ಬರೆದು ಕಳಿಸಬೇಕು. ನನ್ನದು ಹೆಚ್ಚು ತಪ್ಪುವುದಿಲ್ಲ ಎಂದವನ ಕಡೆ ನಮ್ಮ ಗೆರೆ ಹೆಚ್ಚು ವಾಲುತ್ತದೆ, ನನ್ನದು ಭಾಳ ತಪ್ಪುತ್ತದೆ ಎಂದವನನ್ನು ಲೆಕ್ಕ ಅಷ್ಟಾಗಿ ಕೇಳುವುದಿಲ್ಲ. ನ್ಯಾಯವಾದ ಪದ್ಧತಿಯೇ. ಆದರೆ ಅದು ನಿಂತಿರುವುದು ಪ್ರತಿಯೊಬ್ಬನೂ ತನ್ನ ತಪ್ಪನ್ನು ಇದ್ದಷ್ಟೇ ಹೇಳುತ್ತಾನೆ ಎಂಬ ನಂಬಿಕೆಯ ಮೇಲೆ. ಅದು ಎಷ್ಟು ದೊಡ್ಡ ನಂಬಿಕೆ ಎಂದು ಆಗ ನನಗೆ ಹೊಳೆಯಲಿಲ್ಲ, ಕಾಗದದ ಮೇಲಿನ ಸೂತ್ರದಲ್ಲಿ ಅದು ಬರೀ ಒಂದು ಅಕ್ಷರವಾಗಿತ್ತು.

ಬದಾಮಿಯ ರೇಡಾರು ಗುರುನಾಥನ ಕೈಯಲ್ಲಿತ್ತು. ನನ್ನದೇ ವಯಸ್ಸು, ನಗುಮುಖ, ಕೂದಲಿಗೆ ಎಣ್ಣೆ ಹಚ್ಚಿದಷ್ಟೇ ಚೆನ್ನಾಗಿ ಯಂತ್ರವನ್ನೂ ಒರೆಸಿಡುತ್ತಿದ್ದ. ಅವನ ಅಂಕಿ ಯಾವಾಗಲೂ ಸಣ್ಣದು. ಇಳಕಲ್ಲಿನದು ಮಾಳಪ್ಪಣ್ಣನದು. ಬೀರಪ್ಪ ದೇವರ ಒಕ್ಕಲು, ಹಿರಿಯರದು ಕುರಿ ಸಾಕುವ ಮನೆತನ, ಅಣ್ಣ ಇನ್ನೂ ಕುರಿ ಕಾಯುತ್ತಾನೆ. ಇವರು ಡಿಪ್ಲೊಮಾ ಓದಿ ಹದಿನೇಳು ವರ್ಷ ಅಸ್ಸಾಮು, ಗುಜರಾತು ಎಂದು ದೂರದ ವಿಮಾನ ನಿಲ್ದಾಣಗಳಲ್ಲಿ ರೇಡಾರು ರಿಪೇರಿ ಮಾಡುತ್ತ ತಿರುಗಿದವರು. ಮಗಳು ಭಾಗ್ಯ ಹುಟ್ಟಿದಾಗ ಊರಲ್ಲಿರಲಿಲ್ಲ, ಅವಳು ನಡೆಯಲು ಕಲಿತಾಗ ಇರಲಿಲ್ಲ, ಅವಳಿಗೆ ಟೈಫಾಯ್ಡ್ ಆದಾಗಲೂ ಇರಲಿಲ್ಲ. ಈ ಕೆಲಸ ಇಳಕಲ್ಲಿಗೇ ಬಂದದ್ದರಿಂದ ಮೊದಲ ಸಲ ತಿಂಗಳುಗಟ್ಟಲೆ ಮನೆಯಲ್ಲಿದ್ದರು. ಭಾಗ್ಯ ಆ ವರ್ಷ ಹತ್ತನೇ ಇಯತ್ತೆ. ಸಂಜೆ ಅಪ್ಪ ಮಗಳು ಅಂಗಳದಲ್ಲಿ ಕೂತು ಗಣಿತ ಮಾಡುತ್ತಿದ್ದರಂತೆ. ಇದನ್ನೂ ಅವರಾಗಿ ಹೇಳಲಿಲ್ಲ, ಫೋನಿನಲ್ಲಿ ಹಿಂದಿನಿಂದ “ಅಪ್ಪಾ, ಈ ವೃತ್ತಖಂಡ ಹೇಳಿಕೊಡ್ಬಾ” ಎಂದು ಕೂಗಿದ್ದು ನನಗೆ ಕೇಳಿಸಿತ್ತು. ಮಾಳಪ್ಪಣ್ಣನ ಅಂಕಿ ಯಾವಾಗಲೂ ದೊಡ್ಡದು.

ದೀಪಾವಳಿ ಕಳೆದ ಮೇಲೆ ಹಾರಾಟ ಸುರುವಾಯಿತು. ಮೂಡಗಾಳಿಯ ಧೂಳು, ಎರೆಹೊಲಗಳಲ್ಲಿ ಎದೆಮಟ್ಟದ ಜೋಳ, ಬೆಳಿಗ್ಗೆ ಬಸ್ಸಿನ ಕಿಟಕಿ ಮುಚ್ಚಿದರೂ ಹಲ್ಲು ಕಟಕಟ. ಪುಟ್ಟ ವಿಮಾನ ಸರಸರನೆ ಹೋಗಿ, ಕ್ಷಿಪಣಿಯ ಹಾಗೆ ಥಟ್ಟನೆ ಮಗ್ಗುಲಾಗಿ ತಿರುಗುತ್ತಿತ್ತು. ಅದು ನಿಜವಾಗಿ ಎಲ್ಲೆಲ್ಲಿ ಹಾರಿತು ಎಂಬ ದಾಖಲೆ ಅದರ ಹೊಟ್ಟೆಯಲ್ಲೇ ಇತ್ತು. ಆದರೆ ಅದನ್ನು ಹಾರಿಸುವವರು ನಮಗೆ ಕೊಡುತ್ತಿರಲಿಲ್ಲ, ಕೊನೆಯ ಪರೀಕ್ಷೆಯ ದಿನ ಲಕೋಟೆ ಒಡೆದು ನೋಡುವುದು ಎಂದು ನಿಯಮ. ಉತ್ತರಪತ್ರಿಕೆ ಮೊದಲೇ ಕೊಟ್ಟರೆ ಯಾರು ತಾನೇ ಪಾಸಾಗುವುದಿಲ್ಲ?

ನಮ್ಮ ಗೆರೆ ಮೊದಲ ವಾರವೇ ಕುಣಿಯತೊಡಗಿತು. ವಿಮಾನ ನೆಟ್ಟಗೆ ಹೋಗುತ್ತಿದೆ, ಬದಾಮಿಯ ಕಡೆಯ ಒಂದು ಗುಡ್ಡ ಅಡ್ಡ ಬರುತ್ತದೆ, ಗುರುನಾಥನ ರೇಡಾರಿಗೆ ಅದು ಕಾಣದಾಗುತ್ತದೆ. ಆ ಕ್ಷಣವೇ ಗೆರೆ ಒಂದು ಮಗ್ಗುಲಿಗೆ ಹಾರುತ್ತದೆ. ಗುಡ್ಡ ದಾಟಿ ಮತ್ತೆ ಕಂಡ ಕೂಡಲೇ ವಾಪಸ್ ಹಾರುತ್ತದೆ. ಸರ್ ನನ್ನ ಹಿಂದೆ ನಿಂತು ಇದನ್ನು ನೋಡಿದರು.

“ಏನವಾ ರೇಷ್ಮಾ, ಇದು ವಿಮಾನ ಹಾರಾಕತ್ತೈತೋ, ಕಪ್ಪಿ ಜಿಗ್ಯಾಕತ್ತೈತೋ?”

ನಾನು ಹದಿನೈದು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನನಗೆ ಉತ್ತರ ಸಿಕ್ಕಿತು, ಸಿಕ್ಕಿತೆಂದು ಭಾಳ ಖುಷಿಯೂ ಆಯಿತು. ಬದಾಮಿ ಕಾಣುತ್ತಿರುವಾಗ ಗೆರೆ ಒಂದು ಕಡೆ, ಬದಾಮಿ ಮರೆಯಾಗಿ ಇಳಕಲ್ಲು ಒಂದೇ ಮುಖ್ಯವಾದಾಗ ಇನ್ನೊಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಇಬ್ಬರಲ್ಲಿ ಒಬ್ಬರು ತಪ್ಪು. ಯಾರು? ದಿನಾ ಬೆಳಿಗ್ಗೆ ತಾನೇ ತಪ್ಪು ತಪ್ಪು ಎಂದು ಬರೆದು ಕಳಿಸುವವರು ಇರುವಾಗ ಬೇರೆ ಸಾಕ್ಷಿ ಯಾಕೆ? ಇಳಕಲ್ಲಿನ ರೇಡಾರು ನಂಬುವಂಥದ್ದಲ್ಲ, ತೆಗೆದು ಕಳಿಸುವುದು ಒಳ್ಳೆಯದು ಎಂದು ಎರಡು ಪುಟ ಬರೆದು ಕೊಟ್ಟೆ. ಸರ್ ಮೇಲಕ್ಕೆ ಕಳಿಸಿದರು. ನಾಲ್ಕೇ ದಿನದಲ್ಲಿ ಒಪ್ಪಿಗೆ ಬಂತು. ಎಳ್ಳಮವಾಸ್ಯೆ ಕಳೆದು ಮೂರನೇ ದಿನ ಲಾರಿ ಬರುತ್ತದೆ, ರೇಡಾರು ಹೋಗುತ್ತದೆ, ಅದರ ಜೊತೆ ಮಾಳಪ್ಪನವರೂ ಅಸ್ಸಾಮಿಗೆ.

ಕಾಗದದಲ್ಲಿ ಬರೆದಾಗ ರೇಡಾರು ಮಾತ್ರ ಕಂಡಿತ್ತು, ಮನುಷ್ಯ ಕಂಡಿರಲಿಲ್ಲ. ಫೋನ್ ಮಾಡಿ ತಿಳಿಸಿಬಿಡಿ ಸರ್ ಎಂದೆ.

“ಬರದಾಕಿ ನೀನು. ನೀನ ಹೋಗಿ ಹೇಳಿ ಬಾ,” ಎಂದರು ಸರ್.

ಹೋದೆ. ಕ್ವಾರಿಯ ದಂಡೆಯಲ್ಲಿ ಮಾಳಪ್ಪಣ್ಣ ರೇಡಾರಿನ ಗಾಡಿಯ ನೆರಳಿನಲ್ಲಿ ಕೂತು ಕೇಬಲ್ಲಿನ ಮೊನೆ ಒರೆಸುತ್ತಿದ್ದರು. ನಾನು ಹೇಳಬೇಕಾದ್ದನ್ನು ಅಳೆದು ಸುರಿದು ಹೇಳಿದೆ. ಅವರು ಕೆಲಸ ನಿಲ್ಲಿಸಲಿಲ್ಲ.

“ಆತ್ರಿ,” ಎಂದರು. ಇನ್ನೊಂದು ಕೇಬಲ್ ಎತ್ತಿಕೊಂಡು, “ಹುಡುಗಿ ಪರೀಕ್ಷಾ ಮುಗಿಯೂತನಕ ಇರ್ತೇನಿ ಅಂತ ಹೇಳಿದ್ದೆ. ಮಾರ್ಚ್ ಏನ್ ದೂರ ಇರಲಿಲ್ಲ. ಇರ್ಲಿ ಬಿಡ್ರಿ, ನೀವೇನ್ ಮಾಡ್ತೀರಿ. ಮನಿಗೆ ಬರ್ರಿ, ರೊಟ್ಟಿ ತಿಂದು ಹೋಗೀರಂತ.”

ಬೇಡ ಎನ್ನಲು ನನಗೆ ಮುಖವಿರಲಿಲ್ಲ. ಅವರ ಮನೆ ಅಲ್ಲಿಂದ ಒಂದೂವರೆ ಮೈಲಿ, ಮೋಟರ್ ಸೈಕಲ್ಲಿನ ಹಿಂದೆ ಕೂತು ಹೋದೆ. ಹೆಂಡತಿ ಶಾಂತವ್ವ ಬಿಸಿ ರೊಟ್ಟಿ, ಪುಂಡಿಪಲ್ಯ, ಹಿಂಡಿ ಬಡಿಸಿದರು. ನಾನೇ ಅವರ ಗಂಡನನ್ನು ಮನೆಯಿಂದ ಹೊರಗೆ ಹಾಕಿಸಿದವಳು ಎಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಅಷ್ಟು ರುಚಿಯಾದ ಪಲ್ಯ ಅಷ್ಟು ಕಷ್ಟಪಟ್ಟು ನುಂಗಿದ್ದು ಅದೊಂದೇ ಸಲ. ಸುಮ್ಮನೆ ಏನಾದರೂ ಮಾತಾಡಬೇಕೆಂದು, ನಿಮ್ಮ ಮೈದುನರ... ಅಲ್ಲ, ಭಾವನವರ ಹತ್ತಿರ ಎಷ್ಟು ಕುರಿ ಅದಾವ್ರಿ ಎಂದು ಕೇಳಿದೆ.

“ಅದಾವ್ರಿ, ಒಂದ್ ನಾಕ್ ಮರಿ,” ಎಂದರು ಶಾಂತವ್ವ.

ಹೊತ್ತು ಇಳಿಯುತ್ತಿತ್ತು. ಹಾದಿಯ ತುದಿಯಲ್ಲಿ ಧೂಳೆದ್ದಿತು. ಆ ನಾಲ್ಕು ಮರಿಗಳು ಬಂದವು. ಓಣಿಯ ಈ ಗೋಡೆಯಿಂದ ಆ ಗೋಡೆಯವರೆಗೆ ತುಂಬಿಕೊಂಡು, ಮುಂದಿನವು ಹಟ್ಟಿಯೊಳಗೆ ಹೋದರೂ ಹಿಂದಿನವು ಇನ್ನೂ ಕಾಣಿಸಿಕೊಳ್ಳದಷ್ಟು ಬಂದವು. ನನಗೆ ನಗು ತಡೆಯಲಾಗಲಿಲ್ಲ. ಬೆರಳು ಮಾಡಿ ಒಂದು, ಎರಡು ಎಂದು ಸುರು ಮಾಡಿದೆ. ಶಾಂತವ್ವ ಓಡಿ ಬಂದು ನನ್ನ ಕೈ ಹಿಡಿದು ಕೆಳಗಿಳಿಸಿದರು.

“ಅಯ್ಯ ಅಕ್ಕಾರ, ಬಟ್ಟ ಮಾಡಿ ಎಣಸಬ್ಯಾಡ್ರಿ. ಜೀವದ್ದು ಬದುಕು ಎಣಿಸಿ ಹೇಳಬಾರದು, ದೃಷ್ಟಿ ಆಕ್ಕೈತಿ. ನಮ್ಮ ಕಡಿ ಯಾರು ಕೇಳಿದ್ರೂ ನಾಕ ಅಂತೇವಿ.”

“ಚಲೋ ಅದಾವಂತನೂ ಅನ್ನಂಗಿಲ್ರಿ,” ಎಂದು ಒಳಗಿನಿಂದ ಭಾಗ್ಯ ನಕ್ಕಳು. “ನಮ್ಮಪ್ಪ ನನ್ನ ಮಾರ್ಕ್ಸ್ ಕಾರ್ಡ್ ನೋಡಿದ್ರೂ ‘ಇರ್ಲಿ, ತಕ್ಕಮಟ್ಟಿಗೆ’ ಅಂತಾನ್ರಿ. ತೊಂಬತ್ತಾರು ಬಂದಿತ್ತು!”

ನಾನು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿ ಇಟ್ಟೆ. ಮಾಳಪ್ಪಣ್ಣ ಕಟ್ಟೆಯ ಮೇಲೆ ಕೂತು ಮೀಸೆ ಮುಟ್ಟಿಕೊಳ್ಳುತ್ತಿದ್ದರು.

“ಮಾಳಪ್ಪಣ್ಣಾ, ದಿನಾ ಮುಂಜಾನಿ ಆ ಖಾನೆದಾಗ ಬರೀತೀರಲ್ಲ, ಎಷ್ಟು ತಪ್ಪತೈತಿ ಅಂತ. ಅದು ಖರೆ ಅಂಕಿ ಏನ್ರಿ?”

ಅವರು ಕುರಿಗಳ ಕಡೆ ನೋಡಿದರು.

“ಖರೆ ಅಂದ್ರ... ಪರೀಕ್ಷಾ ಮಾಡಿದಾಗ ಬಂದಿದ್ದು ಖರೆನರಿ. ಬರಿಯೂ ಮುಂದ ಒಂದೀಟು ಹೆಚ್ಚಿಗಿ ಬರೀತೇನಿ.”

“ಎಷ್ಟು ಹೆಚ್ಚಿಗಿ?”

“ಒಂದ್ ನಾಕರಷ್ಟು.”

“ಯಾಕ್ರಿ!” ನಾನು ಕೂಗಿಯೇಬಿಟ್ಟೆ. ಕುರಿಗಳೂ ತಲೆ ಎತ್ತಿದವು.

“ಮಷಿನ್ ಭಾಳ ಚಲೋ ನಡದೈತಿ ಅಂತ ದಿನಾ ಬರದು ನಾಕ ಮಂದಿಗೆ ತೋರಿಸಿದ್ರ ಅದು ಉಳಿತೈತೇನ್ರಿ? ಹದಿನೇಳು ವರ್ಷ ನೋಡೇನಿ. ಚಲೋ ಅಂದ ದಿನಾನ ಕೆಡತೈತಿ.” ಆಮೇಲೆ ಮೆಲ್ಲಗೆ, “ಇದರಿಂದ ಏನರ ತ್ರಾಸ ಆತೇನ್ರಿ?”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಸಾಲಿಯಲ್ಲಿ ಬಾಯಿಪಾಠ ಮಾಡಿದ್ದೆ. ತುಳುಕದ ಕೊಡವನ್ನು ನಾನು ಖಾಲಿ ಎಂದು ಬರೆದು ಕೊಟ್ಟಿದ್ದೆ. ಸಿಟ್ಟು ಅವರ ಮೇಲೂ ಬಂತು, ಆದರೆ ಅದಕ್ಕಿಂತ ಹೆಚ್ಚು ನನ್ನ ಮೇಲೆ ಬಂತು. ಅವರು ತಮ್ಮ ಮನೆಯ ರೀತಿಯಲ್ಲಿ ತಪ್ಪಿದ್ದರು. ನಾನು ಎಂ.ಟೆಕ್ ಓದಿ, ಒಂದು ಅಂಕಿ ಎಲ್ಲಿಂದ ಬಂತು ಎಂದು ಕೇಳದೆ ತಪ್ಪಿದ್ದೆ.

ಮರುದಿನ ಇಳಕಲ್ಲಿನ ಚುಕ್ಕೆಗಳನ್ನಷ್ಟೇ ಬೇರೆ ಮಾಡಿ ನೋಡಿದೆ. ದಾರ ಹಿಡಿದ ಹಾಗೆ ಒಂದೇ ಸಾಲು. ಗುರುನಾಥನ ಚುಕ್ಕೆಗಳೂ ಅಷ್ಟೇ ಚೆಂದದ ಸಾಲು, ಆದರೆ ಅದರ ಮಗ್ಗುಲಿಗೆ. ಚೆಂದ ಇದ್ದ ಮಾತ್ರಕ್ಕೆ ಸರಿ ಎಂದಲ್ಲ, ಎರಡರಲ್ಲಿ ಒಂದು ಪೂರ್ತಿ ಸಾಲೇ ಸರಿದಿರಬೇಕು. ಯಾವುದು ಎಂದು ತಿಳಿಯಲು, ಇರುವ ಜಾಗ ಗೊತ್ತಿರುವ ಒಂದು ವಸ್ತುವನ್ನು ಮೂವರಿಗೂ ತೋರಿಸಬೇಕು. ಸರ್ ಮುಂದೆ ಹೋಗಿ, ನಾನು ಬರೆದದ್ದು ತಪ್ಪು, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಸರ್ ಚಹಾದ ಕಪ್ಪು ಕೆಳಗಿಟ್ಟರು.

“ಸಹಿ ಮಾಡಿ ಎಂಟು ದಿನ ಆಗಿಲ್ಲ, ತಿರುಗಿಸಿ ನುಂಗ್ತೇನಿ ಅಂತಿ. ಮ್ಯಾಲಿನವ್ರಿಗೆ ನಾ ಏನಂತ ಹೇಳಲಿ? ನಿನ್ನ ಮ್ಯಾಲೆ ಇನ್ನೊಂದ್ಸಲಾ ಯಾರು ಭರೋಸಾ ಇಡ್ತಾರ?”

“ಇಡೂದಿಲ್ರಿ ಸರ್. ಆದ್ರ ಅವರನ್ನ ಕಳಿಸಬ್ಯಾಡ್ರಿ. ಒಂದು ಬಲೂನ್ ಹಾರಿಸ್ತೇನಿ, ಒಂದ ದಿನ ಕೊಡ್ರಿ.”

ಅವರು ಕ್ಯಾಲೆಂಡರ್ ನೋಡಿದರು. ಲಾರಿ ಬರುವ ಮುಂಚೆ ಖಾಲಿ ಇದ್ದದ್ದು ಎಳ್ಳಮವಾಸ್ಯೆಯ ದಿನ ಒಂದೇ.

ಅಮೀನಗಡ ಮೂರೂ ರೇಡಾರುಗಳ ನಡುವೆ ಬೀಳುತ್ತದೆ. ಅಲ್ಲಿ ಒಂದು ಜೋಳದ ಹೊಲದ ಬದುವಿನಲ್ಲಿ ಬೆಳಿಗ್ಗೆ ಏಳಕ್ಕೇ ನಾನು ಮತ್ತು ಸರ್ ಬಲೂನು ಹಿಡಿದು ನಿಂತಿದ್ದೆವು. ಅದರ ಕೆಳಗೆ ಬೆಳ್ಳಿ ಹಾಳೆ ಅಂಟಿಸಿದ ಒಂದು ಪೆಟ್ಟಿಗೆ, ಅದಕ್ಕೆ ಮುನ್ನೂರು ಮೀಟರ್ ಹಗ್ಗ. ಹಗ್ಗ ಕಟ್ಟಿದ ಗೂಟ ಎಲ್ಲಿದೆ ಎಂದು ಕರಾರುವಾಕ್ಕಾಗಿ ಅಳೆದಿದ್ದೆವು. ಗಾಳಿ ಇಲ್ಲದಿದ್ದರೆ ಬಲೂನು ಗೂಟದ ನೆತ್ತಿಯ ಮೇಲೆಯೇ ನಿಲ್ಲುತ್ತದೆ, ಗಾಳಿ ಎದ್ದರೆ ಎಲ್ಲ ನೀರಿನಲ್ಲಿ ಹೋಮ. ಮೂಡಗಾಳಿ ಏಳುವುದು ಒಂಬತ್ತರ ಮೇಲೆ. ಊರಿನ ಕಡೆಯಿಂದ ಕರದಂಟಿನ ಅಂಟು ಹುರಿಯುವ ವಾಸನೆ ಬರುತ್ತಿತ್ತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಬಲೂನು ಮೇಲಕ್ಕೆ ಹೋಗಿ ನಿಂತಿತು. ಮೊದಲು ಹುನಗುಂದದವರು ಫೋನ್ ಮಾಡಿ ಕುಂಬಳಕಾಯಿ ಗಾತ್ರದ ಉತ್ತರ ಕೊಟ್ಟರು. ಆಮೇಲೆ ಮಾಳಪ್ಪಣ್ಣ ಎರಡು ಅಂಕಿ ಓದಿದರು, ನಾನು ನಕಾಶೆಯ ಮೇಲೆ ಗುರುತು ಹಾಕಿದೆ. ಬದಾಮಿಯಿಂದ ಫೋನೇ ಇಲ್ಲ. ಎಂಟೂವರೆ ಆಯಿತು. ಜೋಳದ ಗರಿಗಳು ಮೆಲ್ಲಗೆ ಅಲುಗತೊಡಗಿದವು. ನಾನು ಹಗ್ಗ ನೋಡುತ್ತಿದ್ದೆ, ಅದು ನೆಟ್ಟಗಿದೆಯೋ ವಾಲುತ್ತಿದೆಯೋ ಎಂದು ನೋಡಿ ನೋಡಿ ಕಣ್ಣಲ್ಲಿ ನೀರು ಬಂತು. ಕೊನೆಗೆ ಗುರುನಾಥ ಸಿಕ್ಕ.

“ಸಾರಿ ರೇಷ್ಮಾ, ಮಂಗ್ಯಾಗೋಳು ಚಾರ್ಜರ್ ಹೊತಗೊಂಡ್ ಹೋಗಿದ್ವು. ಬರ್ಕೊ.”

ಬರೆದುಕೊಂಡೆ. ಸರ್ ಬಗ್ಗಿ ನೋಡಿದರು. ಮಾಳಪ್ಪಣ್ಣನ ಗುರುತು ಗೂಟಕ್ಕೆ ಹೊಂದಿಕೊಂಡೇ ಬಿದ್ದಿತ್ತು. ಗುರುನಾಥನ ಗುರುತು ಆ ಹೊಲ, ಅದರಾಚೆಯ ಹೊಲ ದಾಟಿ, ಕಾಲು ಕಿಲೋಮೀಟರ್ ಆಚೆ ಯಾರದೋ ಕಡಲೆ ಹೊಲದಲ್ಲಿತ್ತು.

“ಗುರುನಾಥಾ, ಇತ್ತಿತ್ಲಾಗ ರೇಡಾರ್ ಏನರ ಸರಿಸಿದ್ದೇನಲೇ?” ಸರ್ ಫೋನ್ ಕಸಿದುಕೊಂಡು ಕೇಳಿದರು.

“ಹಾರಾಟ ಸುರು ಆಗೂಕಿಂತ ಮುಂಚೆ ಸರಿಸಿದ್ದೆರಿ ಸರ್. ಬೇವಿನ ಗಿಡದಿಂದ ಮಂಗ್ಯಾ ನೆಟ್ಟಗ ಅದರ ಮ್ಯಾಲೇ ಜಿಗೀತಿದ್ವು. ಅದಕ್ಕ ನಾಕ ಹೆಜ್ಜಿ ಆಚಿಗೆ... ಜಾಗ ಹೊಸಾದು ಬರಕೊಂಡಿದ್ದೆ. ಉತ್ತರ ದಿಕ್ಕು ಹಚ್ಚೂದು ಒಂದೀಟು ಅವಸರದಾಗ ಆತೇನೋರಿ.”

ಅರ್ಧ ಡಿಗ್ರಿಯ ಅವಸರ. ಅಷ್ಟು ದೂರಕ್ಕೆ ಅದೇ ಕಾಲು ಕಿಲೋಮೀಟರ್ ಆಗುತ್ತದೆ. ಅವನು ದಿನಾ ಬರೆಯುತ್ತಿದ್ದ ಸಣ್ಣ ಅಂಕಿ ಸುಳ್ಳಲ್ಲ, ಸರಿಸುವ ಮುಂಚೆ ಖರೆಯಾಗಿತ್ತು. ಒಮ್ಮೆ ಖರೆಯಾದದ್ದು ಯಾವಾಗಲೂ ಖರೆ ಎಂದುಕೊಂಡಿದ್ದ, ಅಷ್ಟೇ. ಒಬ್ಬನ ಭರವಸೆ, ಇನ್ನೊಬ್ಬರ ಸಂಕೋಚ, ನಡುವೆ ನನ್ನ ಅವಸರ. ಮೂರು ತಪ್ಪು ಕೂಡಿಸಿ ಒಂದು ಗೆರೆ ಎಳೆದಿದ್ದೆವು.

ಅಷ್ಟರಲ್ಲಿ ಹೊಲದ ಯಜಮಾನರು ಹೆಂಡತಿ ಮಕ್ಕಳ ಜೊತೆ ಚಕ್ಕಡಿ ಕಟ್ಟಿಕೊಂಡು ಭೂಮಿತಾಯಿಗೆ ಚರಗ ಚೆಲ್ಲಲು ಬಂದರು. ತಮ್ಮ ಹೊಲದ ನೆತ್ತಿಯ ಮೇಲೆ ಬಲೂನು ನೋಡಿ ಗಾಬರಿಯಾಗಲಿಲ್ಲ, ಊಟವಾಯಿತೇ ಎಂದು ಕೇಳಿದರು. ಬನ್ನಿಗಿಡದ ಕೆಳಗೆ ಪೂಜೆ ಮಾಡಿ, ಪುಟ್ಟಿಯಲ್ಲಿ ಅಡುಗೆ ಕಲಸಿ, ಹುಲ್ಲುಲ್ಲಿಗ್ಯೋ ಎಂದು ಕೂಗುತ್ತ ಬೆಳೆಯ ಸುತ್ತ ಚೆಲ್ಲಿ ಬಂದರು. ನಮ್ಮ ಗೂಟದ ಸುತ್ತಲೂ ಒಂದು ಹಿಡಿ ಬಿತ್ತು. ಆಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ನಾನು ನಾಚಿಕೆ ಬಿಟ್ಟು ಉಂಡೆ. ಸರ್ ಕೂಡ ಉಂಡು, ಕೈ ತೊಳೆಯುತ್ತ, ನನ್ನ ಕಡೆ ನೋಡದೆಯೇ ಮಾತಾಡಿದರು.

“ಲಾರಿ ಬ್ಯಾಡಂತ ಹೇಳ್ತೇನಿ. ಆದ್ರ ಒಂದು ಬಲೂನ್ ನೋಡಿ ಮ್ಯಾಲಿನವ್ರು ಒಪ್ಪೂದಿಲ್ಲ. ಕಡೀ ಪರೀಕ್ಷಾ ದಿನ ಲಕೋಟಿ ಒಡೀತಾರಲ್ಲ, ಅವತ್ತು ಗೆರಿಗೆ ಗೆರಿ ಕೂಡಿದ್ರ ಇಳಕಲ್ಲಿನ ರೇಡಾರ್ ಮೇ ತನಕ ಇರತೈತಿ. ಕೂಡಲಿಲ್ಲಂದ್ರ ಅವತ್ತ ಸಂಜಿಕ ಹೋಗತೈತಿ.”

ಪರೀಕ್ಷೆಗೆ ಒಂದು ತಿಂಗಳಿತ್ತು. ಗುರುನಾಥ ಮರುದಿನವೇ ಉತ್ತರ ದಿಕ್ಕನ್ನು ಮೂರು ಸಲ ನೋಡಿ ಹಚ್ಚಿದ, ಆಮೇಲೆ ಹೆದರಿ ಒಂದು ವಾರ ಹುನಗುಂದದವರಿಗಿಂತ ದೊಡ್ಡ ಅಂಕಿ ಬರೆದ. ಬೈದು ಸರಿಮಾಡಿಸಬೇಕಾಯಿತು. ಮಾಳಪ್ಪಣ್ಣನದು ಬೇರೆಯೇ ಕಷ್ಟ. ಖರೆ ಅಂಕಿ ಬರೆಯಬೇಕೆಂದು ಒಪ್ಪಿಕೊಂಡರು, ಆದರೆ ಎಲ್ಲರೂ ನೋಡುವ ಖಾನೆಯಲ್ಲಿ ಬರೆಯಲು ಅವರ ಕೈ ಏಳಲೊಲ್ಲದು. ದಿನಾ ಬೆಳಿಗ್ಗೆ ಆರಕ್ಕೆ ನನ್ನ ಫೋನಿಗೊಂದು ಸಂದೇಶ ಬರುತ್ತಿತ್ತು: ಒಂದು ಅಂಕಿ, ಅದರ ಕೆಳಗೆ “ನಿಮಗಷ್ಟ ರೀ.” ಅದನ್ನು ನಾನೇ ಖಾನೆಯಲ್ಲಿ ಹಾಕುತ್ತಿದ್ದೆ. ಒಂದು ದಿನವೂ ಅದನ್ನು ಜೋರಾಗಿ ಓದಲಿಲ್ಲ. ದೃಷ್ಟಿಯಲ್ಲಿ ನನಗೆ ನಂಬಿಕೆ ಇದೆಯೆಂದಲ್ಲ, ಸುಮ್ಮನೆ ಯಾಕೆ ಎಂದು.

ನಾನು ಆ ತಿಂಗಳು ಸುಖವಾಗಿದ್ದೆ. ಇದನ್ನು ಹೇಳಲು ಸಂಕೋಚವೇನಿಲ್ಲ. ಜೋಳ ತೆನೆಗಟ್ಟಿತ್ತು, ಬಸ್ಸಿನಲ್ಲಿ ಯಾರಾದರೂ ಒಬ್ಬರು ಹಸಿ ತೆನೆ ಸುಟ್ಟ ಸೀತನಿ ಕೈಗೆ ಹಾಕುತ್ತಿದ್ದರು, ಗೆರೆ ದಿನದಿಂದ ದಿನಕ್ಕೆ ಕುಣಿಯುವುದನ್ನು ಬಿಟ್ಟು ನಡೆಯಲು ಕಲಿಯುತ್ತಿತ್ತು. ಸಂಜೆ ಹುನಗುಂದಕ್ಕೆ ಹೋಗಿ ಅಬ್ಬಾಗೆ ಎಲ್ಲ ಹೇಳುತ್ತಿದ್ದೆ. ಅವರು ಟಿ.ವಿ.ಯ ಹೊಟ್ಟೆ ಬಿಚ್ಚಿಟ್ಟುಕೊಂಡು ಕೇಳಿ, ನಮ್ಮ ಕಾಲದಲ್ಲಿ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವವನೂ ಕೆಳಗೆ ಚಿತ್ರ ಬಂತೆಂದು ಕೂಗುವವನೂ ಖರೆ ಮಾತಾಡಿದರಷ್ಟೇ ಸಿನಿಮಾ ಕಾಣುತ್ತಿತ್ತು ಎನ್ನುತ್ತಿದ್ದರು. ಅವರಿಗೆ ಅರ್ಥವಾದಷ್ಟು ಬೇಗ ನನಗೇ ಅರ್ಥವಾಗಿರಲಿಲ್ಲ.

ಪರೀಕ್ಷೆಯ ದಿನ ನವನಗರದ ಆ ಸಣ್ಣ ಕೋಣೆಯಲ್ಲಿ ಹೊರಗಿನಿಂದ ಬಂದ ನಾಲ್ವರು ಕೂತಿದ್ದರು. ವಿಮಾನ ನಾಲ್ಕು ಸಲ ಹಾರಿತು, ನಾಲ್ಕು ಸಲ ಥಟ್ಟನೆ ತಿರುಗಿತು, ಒಂದು ಸಲ ಗುಡ್ಡದ ಹಿಂದೆ ಹೋಯಿತು. ನಮ್ಮ ಹಸಿರು ಗೆರೆ ಅದರ ಬೆನ್ನು ಬಿಡಲಿಲ್ಲ. ಆಮೇಲೆ ಲಕೋಟೆ ಒಡೆದರು. ವಿಮಾನದ ಸ್ವಂತ ದಾಖಲೆಯನ್ನು ಕೆಂಪು ಗೆರೆಯಾಗಿ ಪರದೆಯ ಮೇಲೆ ಹಾಕಿದರು. ನಾನು ನೋಡಲಾರದೆ ಕಿಟಕಿಯ ಕಡೆ ಮುಖ ಮಾಡಿದ್ದೆ. ಬಂದವರಲ್ಲಿ ಒಬ್ಬರು, ಕೆಂಪು ಗೆರೆ ಎಲ್ಲಿ, ಇನ್ನೂ ಹಾಕಿಲ್ಲವೇ ಎಂದು ಕೇಳಿದರು. ಹಾಕಿದ್ದರು. ಅದು ಹಸಿರಿನ ಕೆಳಗೆ ಮುಚ್ಚಿಹೋಗಿತ್ತು.

ಸರ್ ತಮ್ಮ ಫೋನನ್ನು ನನ್ನ ಕಡೆ ಸರಿಸಿದರು. ಹಿತ್ತಲಿಗೆ ಹೋಗಿ ಇಳಕಲ್ಲಿಗೆ ಫೋನ್ ಹಚ್ಚಿದೆ. ಮಾಳಪ್ಪಣ್ಣ ಆ ದಿನ ಯಂತ್ರ ಮುಚ್ಚಿ ಆಗಲೇ ಮನೆಗೆ ಬಂದಿದ್ದರು. ಮನೆಯವರೆಲ್ಲ ಹತ್ತಿರವೇ ನಿಂತಿದ್ದಾರೆಂದು ಉಸಿರಿನ ಸದ್ದಿನಲ್ಲೇ ಗೊತ್ತಾಯಿತು.

“ಮಾಳಪ್ಪಣ್ಣಾ, ಕೂಡಿತ್ರಿ. ರೇಡಾರ್ ಎಲ್ಲಿಗೂ ಹೋಗೂದಿಲ್ಲ, ಮೇ ತನಕ ಇಲ್ಲೇ. ನೀವೂ ಇಲ್ಲೇ. ಭಾಗ್ಯಾನ ಪರೀಕ್ಷಾ ಮುಗಿಸೇ ಹೋಗ್ರಿ.”

ಮಾಳಪ್ಪಣ್ಣ ಅದನ್ನೇ ತಿರುಗಿ ಮನೆಯವರಿಗೆ ಹೇಳಿದ್ದು ಕೇಳಿಸಿತು.

“ಚಲೋ ಆತ್ರಿ ಮೇಡಮ್ಮಾರ,” ಎಂದರು. ಮತ್ತೆ, ಇಡೀ ಓಣಿಗೆ ಕೇಳುವಂತೆ, “ಭಾಳ ಚಲೋ ಆತು! ನಮ್ಮ ರೇಡಾರ್ ಭಾಳ ಚಲೋ ಐತ್ರಿ. ನನ್ನ ಮಗಳೂ ಭಾಳ ಚಲೋ ಓದ್ತಾಳ!”

“ಅಯ್ಯ ನನ್ನ ಶಿವನ,” ಹಿಂದಿನಿಂದ ಶಾಂತವ್ವನ ಧ್ವನಿ ಗಾಬರಿಯಿಂದ ಕೇಳಿಸಿತು, “ಮೆಲ್ಲಕ ಅನ್ರಿ, ಯಾರರ ಕೇಳಿಸ್ಕೊಂಡಾರು!”

“ಕೇಳಲಿ ಬಿಡ,” ಎಂದರು ಮಾಳಪ್ಪಣ್ಣ.